ಗಣಕಯಂತ್ರದ ಕಾವಲುಗಾರ

ಕೊಡಗಿನ ದಕ್ಷಿಣ ಭಾಗದಲ್ಲಿರುವ ವಿರಾಜಪೇಟೆಯು ಕಾಫಿ ತೋಟಗಳಿಂದ ಸುತ್ತುವರಿದ ಊರು. ಜೂನ್ ತಿಂಗಳಲ್ಲಿ ಕಾಲಿಡುವ ಮುಂಗಾರು ಮಳೆಯು ಕಕ್ಕಡ ಮಾಸದ ವೇಳೆಗೆ ತನ್ನ ಪೂರ್ಣರೂಪವನ್ನು ತಾಳುತ್ತದೆ. ಆಗ ಬೀಸುವ ಗಾಳಿಯ ರಭಸಕ್ಕೆ ತೋಟಗಳ ನೆರಳುಮರಗಳ ಕೊಂಬೆಗಳು ಮುರಿದು ಬೀಳುವುದು ಸಾಮಾನ್ಯ. ತೋಟಗಳ ನಡುವೆ ಹಾದುಹೋಗುವ ವಿದ್ಯುತ್ ತಂತಿಗಳ ಮೇಲೆ ಅವು ಬಿದ್ದರೆ ಸುತ್ತಲಿನ ಮನೆಗಳು ಕ್ಷಣಮಾತ್ರದಲ್ಲಿ ಕತ್ತಲಲ್ಲಿ ಮುಳುಗುತ್ತವೆ. 2018ರ ಆಗಸ್ಟ್ ತಿಂಗಳಿನ ಮಹಾಮಳೆಯಲ್ಲಿ ಕೊಡಗಿನ ಅನೇಕ ಗ್ರಾಮಗಳು ದಿನಗಟ್ಟಲೆ ವಿದ್ಯುತ್ತಿಲ್ಲದೆ ಕಳೆದುವು.

ವಿದ್ಯುತ್ತು ಹೋದಾಗ ಆರಿದ ದೀಪವು ಅದು ಮರಳಿದೊಡನೆ ಮೊದಲಿನಂತೆಯೇ ಬೆಳಗುತ್ತದೆ. ಗಣಕಯಂತ್ರದ ವಿಷಯ ಹಾಗಲ್ಲ. ಅದರಲ್ಲಿ ಎರಡು ಬಗೆಯ ಸ್ಮೃತಿಗಳುಂಟು. ನಾವು ಕೆಲಸ ಮಾಡುತ್ತಿರುವಾಗ ಅಕ್ಷರಗಳೂ ಅಂಕಿಗಳೂ ಮೊದಲು ತಾತ್ಕಾಲಿಕ ಸ್ಮೃತಿಯಲ್ಲಿ ನಿಲ್ಲುತ್ತವೆ. ಅದು ಸ್ಲೇಟಿನ ಮೇಲಿನ ಬರಹವಿದ್ದಂತೆ. ವಿದ್ಯುತ್ತು ನಿಂತ ಕ್ಷಣವೇ ಅಳಿಸಿಹೋಗುತ್ತದೆ. ಉಳಿಸುವಂತೆ ಆಜ್ಞೆ ಕೊಟ್ಟಾಗ ಮಾತ್ರ ಅವು ಶಾಶ್ವತ ಸಂಗ್ರಹಕ್ಕೆ, ಎಂದರೆ ಪುಸ್ತಕದ ಹಾಳೆಗೆ, ಸೇರುತ್ತವೆ. ಹೀಗಾಗಿ ಬೆಳಗಿನಿಂದ ಬರೆದಿಟ್ಟ ಕಾಫಿ ಕೊಯ್ಲಿನ ಕೂಲಿಯ ಲೆಕ್ಕವಾಗಲಿ, ವಿದ್ಯಾರ್ಥಿಯೊಬ್ಬನು ಶ್ರಮಪಟ್ಟು ಸಿದ್ಧಪಡಿಸಿದ ಪ್ರಬಂಧವಾಗಲಿ ಒಂದೇ ನಿಮಿಷದಲ್ಲಿ ಇಲ್ಲವಾಗಬಹುದು. ಸಂಗ್ರಹದಲ್ಲಿ ಬರಹ ನಡೆಯುತ್ತಿರುವಾಗಲೇ ವಿದ್ಯುತ್ತು ಕಡಿದರೆ ಅಲ್ಲಿಯ ಹಳೆಯ ದಾಖಲೆಗಳೂ ಕೆಡುವ ಸಂಭವವುಂಟು.

ಈ ಅಪಾಯವನ್ನು ತಡೆಯಲೆಂದೇ ಯು.ಪಿ.ಎಸ್. ಎಂಬ ಸಾಧನವು ಬಳಕೆಗೆ ಬಂದಿದೆ. ಅಡೆತಡೆಯಿಲ್ಲದೆ ವಿದ್ಯುತ್ತನ್ನು ಒದಗಿಸುವ ಸಾಧನ ಎಂಬುದು ಈ ಹೆಸರಿನ ಅರ್ಥ.

ವಿದ್ಯುತ್ತನ್ನು ಬಹುದೂರ ಸಾಗಿಸುವುದು ಸಾಧ್ಯವೆಂಬುದನ್ನು ನಮ್ಮ ನಾಡು ಬಹಳ ಹಿಂದೆಯೇ ಕಂಡುಕೊಂಡಿತು. 1902ರಲ್ಲಿ ಶಿವನಸಮುದ್ರದಲ್ಲಿ ಉತ್ಪಾದಿಸಿದ ವಿದ್ಯುತ್ತು ಕೋಲಾರದ ಚಿನ್ನದ ಗಣಿಗಳನ್ನು ತಲುಪಿತು. ಆದರೆ ತಂತಿಯಲ್ಲಿ ಹರಿದುಬರುವ ಪರ್ಯಾಯ ಪ್ರವಾಹವನ್ನು ನೀರಿನಂತೆ ಹಾಗೆಯೇ ತುಂಬಿಡಲಾಗದು. ಅದನ್ನು ಏಕಮುಖ ಪ್ರವಾಹವಾಗಿ ಮಾರ್ಪಡಿಸಿ, ರಾಸಾಯನಿಕ ಶಕ್ತಿಯ ರೂಪದಲ್ಲಿ ಬ್ಯಾಟರಿಯೊಳಗೆ ಕೂಡಿಡಬೇಕು. ಫ್ರಾನ್ಸ್ ದೇಶದ ಗ್ಯಾಸ್ಟನ್ ಪ್ಲಾಂಟೆ ಎಂಬ ವಿಜ್ಞಾನಿಯು 1859ರಲ್ಲಿ ರೂಪಿಸಿದ ಸೀಸ-ಆಮ್ಲದ ಬ್ಯಾಟರಿಯ ಸುಧಾರಿತ ರೂಪವೇ ಇಂದಿಗೂ ಮನೆಯ ಯು.ಪಿ.ಎಸ್.ಗಳಲ್ಲಿ ಹೆಚ್ಚಾಗಿ ಬಳಕೆಯಲ್ಲಿದೆ. ಇದರ ಒಂದೊಂದು ಕೋಶವೂ ಸುಮಾರು 2 ವೋಲ್ಟ್ ನೀಡುತ್ತದೆ. ಆರು ಕೋಶಗಳನ್ನು ಸಾಲಾಗಿ ಜೋಡಿಸಿದರೆ 12 ವೋಲ್ಟ್ ದೊರೆಯುತ್ತದೆ.

ಯು.ಪಿ.ಎಸ್.ನಲ್ಲಿ ಬ್ಯಾಟರಿಯೊಡನೆ ಇನ್ನೂ ಮೂರು ಮುಖ್ಯ ಭಾಗಗಳಿವೆ. ಒಂದು, ವಿದ್ಯುತ್ತು ಇರುವಾಗ ಬ್ಯಾಟರಿಯನ್ನು ತುಂಬುವ ಚಾರ್ಜರ್. ಎರಡು, ಬ್ಯಾಟರಿಯ ಏಕಮುಖ ಪ್ರವಾಹವನ್ನು ಮತ್ತೆ 230 ವೋಲ್ಟಿನ ಪರ್ಯಾಯ ಪ್ರವಾಹವನ್ನಾಗಿಸುವ ಇನ್ವರ್ಟರ್. ಮೂರು, ವಿದ್ಯುತ್ತು ಹೋದುದನ್ನು ಅರಿತು ದಾರಿ ಬದಲಿಸುವ ಸ್ವಿಚ್ಚು. ಮನೆಗೆ ಬರುವ ಪ್ರವಾಹವು ಸೆಕೆಂಡಿಗೆ 50 ಆವರ್ತಗಳನ್ನು ಪೂರೈಸುತ್ತದೆ. ಒಂದು ಆವರ್ತದ ಅವಧಿ 20 ಮಿಲಿಸೆಕೆಂಡುಗಳು. ಸ್ವಿಚ್ಚು ಸಾಮಾನ್ಯವಾಗಿ ಇದರ ಅರ್ಧದಷ್ಟು ಅವಧಿಯೊಳಗೇ ತನ್ನ ಕಾರ್ಯವನ್ನು ಮುಗಿಸುತ್ತದೆ. ಅಷ್ಟು ಹೊತ್ತು ತಾಳಿಕೊಳ್ಳುವ ಶಕ್ತಿ ಗಣಕಯಂತ್ರಕ್ಕಿರುವುದರಿಂದ ಅದು ನಿಲ್ಲುವುದಿಲ್ಲ.

ಈ ಸಾಧನವಿದ್ದರೆ ರಾತ್ರಿಯಿಡೀ ಕೆಲಸ ಮಾಡಬಹುದೆಂದು ಭಾವಿಸುವವರುಂಟು. ಒಂದು ಸರಳ ಲೆಕ್ಕವು ಈ ತಪ್ಪು ಕಲ್ಪನೆಯನ್ನು ನಿವಾರಿಸಬಲ್ಲದು. ಸಣ್ಣ ಯು.ಪಿ.ಎಸ್.ನ ಬ್ಯಾಟರಿಯು 12 ವೋಲ್ಟ್, 7 ಆಂಪಿಯರ್-ಗಂಟೆಯದು ಎಂದುಕೊಳ್ಳೋಣ. ಇವೆರಡನ್ನೂ ಗುಣಿಸಿದರೆ 84 ವಾಟ್-ಗಂಟೆ. ಗಣಕಯಂತ್ರವೂ ಅದರ ಪರದೆಯೂ ಸೇರಿ 100 ವಾಟ್ ಬಳಸಿದರೆ ಸುಮಾರು 50 ನಿಮಿಷ ನಡೆಯಬೇಕು. ಆದರೆ ಇನ್ವರ್ಟರಿನಲ್ಲಿ ಸ್ವಲ್ಪ ಶಕ್ತಿ ಶಾಖವಾಗಿ ವ್ಯರ್ಥವಾಗುತ್ತದೆ. ವೇಗವಾಗಿ ಬರಿದಾಗುವ ಬ್ಯಾಟರಿಯು ತನ್ನ ಪೂರ್ಣ ಶಕ್ತಿಯನ್ನು ಕೊಡಲಾರದು. ಆದುದರಿಂದ ಹೊಸ ಬ್ಯಾಟರಿಯಿಂದಲೂ ಅರ್ಧ ಗಂಟೆ ದೊರೆತರೆ ಹೆಚ್ಚು. ಹಳೆಯದಾದರೆ ಇನ್ನೂ ಕಡಿಮೆ. ಕೆಲಸವನ್ನು ಉಳಿಸಿ, ಯಂತ್ರವನ್ನು ಕ್ರಮವಾಗಿ ನಿಲ್ಲಿಸುವುದಕ್ಕೆ ಬೇಕಾದ ಕಾಲವನ್ನು ಒದಗಿಸುವುದೇ ಯು.ಪಿ.ಎಸ್.ನ ನಿಜವಾದ ಉದ್ದೇಶ. ಅದು ಕೂಗತೊಡಗಿದಾಗ ಆ ಸದ್ದನ್ನು ಎಚ್ಚರಿಕೆಯೆಂದು ತಿಳಿಯಬೇಕೇ ಹೊರತು ಆಟ ಮುಂದುವರಿಸಲು ಅನುಮತಿಯೆಂದಲ್ಲ.

ಯು.ಪಿ.ಎಸ್.ಗೆ ಗಣಕಯಂತ್ರ, ಪರದೆ ಮತ್ತು ಅಂತರಜಾಲದ ಪೆಟ್ಟಿಗೆಯನ್ನಲ್ಲದೆ ಬೇರೇನನ್ನೂ ಜೋಡಿಸದಿರುವುದು ಲೇಸು. ಇಸ್ತ್ರಿಪೆಟ್ಟಿಗೆ, ಲೇಸರ್ ಮುದ್ರಣಯಂತ್ರ ಮೊದಲಾದುವು ಎಳೆಯುವ ಭಾರೀ ಪ್ರವಾಹವನ್ನು ಅದು ತಡೆದುಕೊಳ್ಳಲಾರದು. ಸಿಡಿಲಿನ ವಿಷಯದಲ್ಲಿಯೂ ಎಚ್ಚರ ಅಗತ್ಯ. ಕಾಫಿ ಗಿಡಗಳನ್ನು ಅರಳಿಸುವ ಬೇಸಿಗೆಯ ಹೂಮಳೆಯು ಕೆಲವೊಮ್ಮೆ ಗುಡುಗು ಸಿಡಿಲುಗಳೊಡನೆ ಬರುತ್ತದೆ. ಹತ್ತಿರದಲ್ಲಿ ಬಡಿದ ಸಿಡಿಲಿನ ಪೆಟ್ಟನ್ನು ಯಾವ ಯು.ಪಿ.ಎಸ್. ಕೂಡ ತಡೆಯಬಲ್ಲದೆಂಬ ಭರವಸೆಯಿಲ್ಲ. ಮೋಡ ಕವಿದು ದೂರದಲ್ಲಿ ಗುಡುಗು ಕೇಳಿದೊಡನೆ ಯಂತ್ರವನ್ನು ನಿಲ್ಲಿಸಿ, ವಿದ್ಯುತ್ತಿನ ಪ್ಲಗ್ಗನ್ನೂ ಅಂತರಜಾಲದ ತಂತಿಯನ್ನೂ ಕಳಚಿಡುವುದೇ ಕ್ಷೇಮಕರ.

ಬ್ಯಾಟರಿಗೆ ಆರೈಕೆಯೂ ಬೇಕು. ಯು.ಪಿ.ಎಸ್.ನ್ನು ತೇವವಿಲ್ಲದ, ಗಾಳಿಯಾಡುವ ಸ್ಥಳದಲ್ಲಿಡತಕ್ಕದ್ದು. ಬರಿದಾದ ಬ್ಯಾಟರಿಯನ್ನು ಬಹುಕಾಲ ಹಾಗೆಯೇ ಬಿಟ್ಟರೆ ಫಲಕಗಳ ಮೇಲೆ ಸೀಸದ ಸಲ್ಫೇಟು ಗಟ್ಟಿಯಾಗಿ ಅದು ಕೆಡುತ್ತದೆ. ಆದುದರಿಂದ ವಿದ್ಯುತ್ತು ಮರಳಿದೊಡನೆ ಅದನ್ನು ತುಂಬಲು ಬಿಡಬೇಕು. ಕೆಲವು ವರ್ಷಗಳ ಬಳಕೆಯ ನಂತರ ಬ್ಯಾಟರಿಯನ್ನು ಬದಲಾಯಿಸುವುದು ಅನಿವಾರ್ಯ. ಆಗ ಹಳೆಯದನ್ನು ತೋಟದ ಮೂಲೆಗೋ ತೋಡಿಗೋ ಎಸೆಯುವುದು ಘೋರ ತಪ್ಪು. ಸೀಸವು ವಿಷವಸ್ತು, ಅದು ಮಣ್ಣನ್ನೂ ನೀರನ್ನೂ ಕೆಡಿಸುತ್ತದೆ. ಬಳಸಿದ ಬ್ಯಾಟರಿಗಳನ್ನು ಮರಳಿ ಸಂಗ್ರಹಿಸುವ ಹೊಣೆಯನ್ನು ಭಾರತ ಸರ್ಕಾರದ 2022ರ ನಿಯಮಗಳು ಅವುಗಳ ಉತ್ಪಾದಕರಿಗೆ ವಹಿಸಿವೆ. ಹಳೆಯದನ್ನು ಮಾರಾಟಗಾರನಿಗೆ ಹಿಂದಿರುಗಿಸುವುದು ಬಳಕೆದಾರನ ಕರ್ತವ್ಯ.

ಕೊಡಗಿನ ಮಳೆ ನಿಲ್ಲದು. ಅದು ನಿಲ್ಲಬೇಕೆಂದು ಬಯಸುವವರೂ ಇಲ್ಲ. ಆ ಮಳೆಯಿಂದಲೇ ಕಾವೇರಿಯು ತುಂಬಿ ಹರಿಯುತ್ತಾಳೆ. ಮಳೆಗಾಲದೊಡನೆ ಬಾಳಲು ಹಿರಿಯರು ಸೌದೆಯನ್ನೂ ಧಾನ್ಯವನ್ನೂ ಮುಂಚಿತವಾಗಿಯೇ ಕೂಡಿಡುತ್ತಿದ್ದರು. ಇಂದಿನವರು ಅವುಗಳೊಡನೆ ಕೆಲವು ನಿಮಿಷಗಳ ವಿದ್ಯುತ್ತನ್ನೂ ಕೂಡಿಡಬೇಕಾಗಿದೆ. ಆ ನಿಮಿಷಗಳನ್ನು ವಿವೇಕದಿಂದ ಬಳಸಿದಾಗಲೇ ದಿನವಿಡೀ ಪಟ್ಟ ಶ್ರಮವು ಉಳಿಯುತ್ತದೆ.