ಗುರುತು ಸಿಗುವ ತನಕ

2022ರ ಡಿಸೆಂಬರ್ 7, ಬುಧವಾರ. ಹೈದರಾಬಾದಿನ ಆಕಾಶದಲ್ಲಿ ಒಂದು ಬಿಳಿ ಬೊಟ್ಟು ಕಾಣಿಸಿಕೊಂಡಿತು. ವಿಮಾನ ಎನ್ನೋಣವೆಂದರೆ ಸದ್ದಿಲ್ಲ, ಮೋಡ ಎನ್ನೋಣವೆಂದರೆ ಕರಗುತ್ತಿಲ್ಲ, ಚಂದ್ರ ಎನ್ನೋಣವೆಂದರೆ ತೀರ ಚಿಕ್ಕದು. ಜನ ಮಾಳಿಗೆ ಹತ್ತಿ ಮೊಬೈಲಿನಲ್ಲಿ ಹಿಡಿದರು. ಹಾರುವ ತಟ್ಟೆ ಬಂದಿದೆಯಂತೆ ಎಂಬ ಮಾತು ಊರೆಲ್ಲ ಹರಿದಾಡಿತು. ಅದೇ ದಿನ ನಗರದ ಪಶ್ಚಿಮಕ್ಕೆ, ನಮ್ಮ ಕಲಬುರಗಿ ಗಡಿಗೆ ತಾಗಿದ ವಿಕಾರಾಬಾದ್ ಜಿಲ್ಲೆಯ ಮೊಗಿಲಿಗುಂಡ್ಲ ಎಂಬ ಹಳ್ಳಿಯ ಬಯಲಿನಲ್ಲಿ ಗುಡಿಸಲು ಗಾತ್ರದ ಗೂಡೊಂದು ಪ್ಯಾರಾಚೂಟಿಗೆ ಜೋತುಬಿದ್ದು ಇಳಿಯಿತು. ಸುತ್ತಲಿನ ಊರುಗಳ ಜನ ನೋಡಲು ಓಡಿಬಂದರು.

ಆ ಬೊಟ್ಟು, ಈ ಗೂಡು ಎರಡೂ ಒಂದೇ ಸರಂಜಾಮಿನ ಭಾಗಗಳು. ಬೊಟ್ಟಾಗಿ ಕಂಡದ್ದು ಬಲೂನು. ಇಳಿದದ್ದು ಅದರಡಿ ತೂಗುತ್ತಿದ್ದ ಕೋಶ. ಪ್ರವಾಸಿಗರನ್ನು ವಾಯುಮಂಡಲದ ಮೇಲ್ಪದರಕ್ಕೆ ಕರೆದೊಯ್ಯಬೇಕೆಂದಿರುವ ಹೇಲೋ ಸ್ಪೇಸ್ ಎಂಬ ಸ್ಪೇನ್ ಕಂಪನಿ ತನ್ನ ಮಾದರಿಯನ್ನು, ಒಳಗೆ ಯಾರನ್ನೂ ಕೂರಿಸದೆ, 37 ಕಿ.ಮೀ. ಎತ್ತರಕ್ಕೆ ಏರಿಸಿ ಇಳಿಸಿತ್ತು. ಹಾರಿಸಿಕೊಟ್ಟದ್ದು ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ, ಅಂದರೆ ಟಿಐಎಫ್‌ಆರ್‌ನ ಬಲೂನ್ ಕೇಂದ್ರ. 1969ರಿಂದ ಹೈದರಾಬಾದಿನ ಇಸಿಐಎಲ್ ಬಳಿ ನೆಲೆಸಿರುವ ಕೇಂದ್ರ ಅದು.

ಹೈದರಾಬಾದಿನದೇ ಕೈಗಾರಿಕಾ ಪ್ರದೇಶವಾದ ಬಾಲಾನಗರದಿಂದ ಈ ಕೇಂದ್ರ ಹೆಚ್ಚುಕಡಿಮೆ ನೇರ ಪೂರ್ವಕ್ಕೆ, ಕಾಗೆ ಹಾರುವ ದಾರಿಯಲ್ಲಿ ಹನ್ನೆರಡು ಹದಿಮೂರು ಕಿ.ಮೀ. ದೂರದಲ್ಲಿದೆ. ಲೇತ್ ಯಂತ್ರಗಳ ಸದ್ದು, ಕಬ್ಬಿಣದ ಪುಡಿ, ಲಾರಿಗಳ ಸಾಲು ಎಂದೇ ಬಾಲಾನಗರವನ್ನು ನೆನೆಯುವವರಿಗೆ ಇಲ್ಲಿನ ಎರಡು ಕಾಂಪೌಂಡುಗಳ ಬಗ್ಗೆ ಹೇಳಬೇಕು. ಒಂದು, ಇಸ್ರೋದ ರಾಷ್ಟ್ರೀಯ ದೂರಸಂವೇದಿ ಕೇಂದ್ರ. ಉಪಗ್ರಹಗಳು ನೋಡಿದ ಭೂಮಿಯ ಚಿತ್ರಗಳು ನಮ್ಮ ನೆರೆ, ಬರ, ಬೆಳೆಗಳ ಲೆಕ್ಕವಾಗುವುದು ಇಲ್ಲಿ. ಇನ್ನೊಂದು, 1965ರಲ್ಲಿ ಶುರುವಾದ ಎಚ್‌ಎಎಲ್ ಏವಿಯಾನಿಕ್ಸ್ ವಿಭಾಗ. ನಮ್ಮ ಬೆಂಗಳೂರಿನ ಎಚ್‌ಎಎಲ್‌ನದೇ ಕವಲು. ಇಲ್ಲಿ ತಯಾರಾಗುವ ಉಪಕರಣಗಳಲ್ಲಿ ಐಎಫ್‌ಎಫ್ ಎಂಬುದೊಂದಿದೆ. ಅದರ ಕೆಲಸ ಗುರುತು ಹೇಳುವುದು. ನೆಲದಿಂದಲೋ ಇನ್ನೊಂದು ವಿಮಾನದಿಂದಲೋ ‘ಯಾರು ನೀನು?’ ಎಂದು ರೇಡಿಯೋ ಸಂಕೇತದಲ್ಲಿ ಪ್ರಶ್ನೆ ಹೋಗುತ್ತದೆ. ನಮ್ಮ ವಿಮಾನವಾದರೆ ಅದರೊಳಗಿನ ಪೆಟ್ಟಿಗೆ ಗುಟ್ಟಿನ ಸಂಕೇತದಲ್ಲಿ ಉತ್ತರ ಕೊಡುತ್ತದೆ. ಉತ್ತರ ಬಾರದಿದ್ದರೆ ಅದು ಶತ್ರು ಎಂದು ಆಗಲೇ ಸಾಬೀತಾಗುವುದಿಲ್ಲ. ಪೆಟ್ಟಿಗೆ ಕೆಟ್ಟಿರಬಹುದು, ಪೆಟ್ಟಿಗೆಯೇ ಇಲ್ಲದಿರಬಹುದು. ಅಷ್ಟರ ಮಟ್ಟಿಗೆ ಅದು ‘ಗುರುತಾಗದ್ದು’. ಯುಎಫ್‌ಒ ಎಂಬ ಹಳೆಯ ಹೆಸರಾಗಲಿ, ಈಚೆಗೆ ಚಾಲ್ತಿಗೆ ಬಂದ ಯುಎಪಿ ಆಗಲಿ, ಹೇಳುವುದು ಇಷ್ಟನ್ನೇ: ನೋಡಿದವರಿಗೆ ಗುರುತು ಸಿಗಲಿಲ್ಲ. ಅನ್ಯಲೋಕದವರು ಎಂಬುದು ಆಮೇಲೆ ನಾವು ಹಚ್ಚಿದ ಬಣ್ಣ.

ಬಲೂನು ಕಣ್ಣಿಗೆ ಅಷ್ಟೊಂದು ವಿಚಿತ್ರವಾಗಿ ಕಾಣುವುದೇಕೆ ಎಂಬುದನ್ನು ಸ್ವಲ್ಪ ಬಿಡಿಸಿ ನೋಡಬೇಕು. ಕೂದಲೆಳೆಗಿಂತ ತೆಳುವಾದ ಪಾಲಿಥೀನ್ ಹಾಳೆಯ ಬಲೂನು ಅದು, ತುಂಬುವುದು ಜಲಜನಕ. ನೆಲ ಬಿಡುವಾಗ ನೋಡಿದರೆ ಉದ್ದಾನುದ್ದ ಜೋಲುವ ಪ್ಲಾಸ್ಟಿಕ್ ಸೆರಗು, ತುದಿಯಲ್ಲಿ ಮಾತ್ರ ಒಂದು ಗುಳ್ಳೆ. ಪೂರ್ತಿ ಏಕೆ ತುಂಬುವುದಿಲ್ಲವೆಂದರೆ, 35 ಕಿ.ಮೀ. ಎತ್ತರದಲ್ಲಿ ಗಾಳಿಯ ಒತ್ತಡ ನೆಲದ ಒತ್ತಡದ ನೂರರಲ್ಲಿ ಒಂದು ಪಾಲೂ ಇರುವುದಿಲ್ಲ. ಮೇಲೇರಿದಂತೆ ಒಳಗಿನ ಅನಿಲ ನೂರು ಪಟ್ಟಿಗೂ ಹೆಚ್ಚು ಹಿಗ್ಗಿ, ಬಲೂನು 50ರಿಂದ 85 ಮೀಟರ್ ಅಡ್ಡಳತೆಯ ಗೋಳವಾಗುತ್ತದೆ.

60 ಮೀಟರಿನ ಗೋಳ 35 ಕಿ.ಮೀ. ಎತ್ತರದಲ್ಲಿ, ನಮ್ಮ ನೆತ್ತಿಯ ನೇರಕ್ಕೆ ಇದೆ ಎಂದುಕೊಳ್ಳಿ. ಲೆಕ್ಕ ಹಾಕಿದರೆ ಅದು ಹುಣ್ಣಿಮೆ ಚಂದ್ರನ ಅಗಲದ ಐದರಲ್ಲಿ ಒಂದು ಪಾಲಿನಷ್ಟು ಕಾಣುತ್ತದೆ. ನಕ್ಷತ್ರದಂತೆ ಬರೀ ಚುಕ್ಕೆಯಲ್ಲ, ಒಳ್ಳೆಯ ಕಣ್ಣಿಗೆ ಸಣ್ಣ ಬಿಲ್ಲೆಯೆಂದು ತಿಳಿಯುವಷ್ಟು ದೊಡ್ಡದು. ‘ತಟ್ಟೆ’ ಎಂದವರು ಸುಳ್ಳು ಹೇಳಲಿಲ್ಲ. ಇನ್ನು ಬೆಳಕಿನ ವಿಚಾರ. ಅಷ್ಟು ಎತ್ತರದಿಂದ ದಿಗಂತ ಆರು ಡಿಗ್ರಿ ಕೆಳಗಿರುತ್ತದೆ. ಹಾಗಾಗಿ ನಮಗೆ ಸೂರ್ಯ ಹುಟ್ಟುವುದಕ್ಕೆ ಸುಮಾರು 25 ನಿಮಿಷ ಮೊದಲೇ ಬಲೂನಿಗೆ ಬಿಸಿಲು ತಾಗುತ್ತದೆ. ಸಂಜೆ ನಮಗೆ ಸೂರ್ಯ ಮುಳುಗಿದ ಮೇಲೂ ಅಷ್ಟೇ ಹೊತ್ತು ಅದು ಬೆಳಗುತ್ತಿರುತ್ತದೆ. ಬೀದಿ ಇನ್ನೂ ಕತ್ತಲು, ಮೇಲೆ ಒಂದು ಮಾತ್ರ ಹೊಳೆಯುತ್ತಿದೆ, ಸದ್ದಿಲ್ಲ, ಕದಲಿದಂತಿಲ್ಲ. 200 ಕಿ.ಮೀ. ಆಚೆಯವರಿಗೂ ಅದು ದಿಗಂತದಿಂದ ಸುಮಾರು ಒಂಬತ್ತು ಡಿಗ್ರಿ ಮೇಲಿರುತ್ತದೆ. ಹೈದರಾಬಾದಿನವರೂ ಬೀದರಿನವರೂ ‘ನಮ್ಮೂರ ಮೇಲೆಯೇ ಇತ್ತು’ ಎಂದು ಒಂದೇ ವಸ್ತುವಿನ ಬಗ್ಗೆ ಪ್ರಾಮಾಣಿಕವಾಗಿ ಹೇಳಬಲ್ಲರು.

ಬೀದರಿಗೆ ಇದು ಬರೀ ನೋಟವಾಗಿ ಉಳಿಯಲಿಲ್ಲ. 2025ರ ಜನವರಿ 18ರ ಶನಿವಾರ ಹುಮನಾಬಾದ್ ತಾಲೂಕಿನ ಜಲಸಂಗಿಯಲ್ಲಿ ಒಂದು ಮನೆಯ ಮೇಲೆ ಇಂಥದೇ ಬಲೂನು ಉಪಕರಣ ಸಮೇತ ಬಂದು ಬಿತ್ತು. ಕಲ್ಯಾಣ ಚಾಲುಕ್ಯರ ಕಾಲದ ಗುಡಿಯ ಹೊರಗೋಡೆಯ ಮೇಲೆ, ಕಲ್ಲಿನಲ್ಲಿ ಶಾಸನ ಬರೆಯುತ್ತ ನಿಂತ ಸುಂದರಿಯ ಶಿಲ್ಪವಿರುವ ಊರು ಅದು. ಆಕಾಶದಿಂದ ಬಿದ್ದ ರಾಶಿ ಪ್ಲಾಸ್ಟಿಕ್ಕು, ಒಳಗೆ ವೈರುಗಳ ಪೆಟ್ಟಿಗೆ. ಊರವರು ಗಾಬರಿಯಾದದ್ದರಲ್ಲಿ ಅಚ್ಚರಿಯೇನಿದೆ? ಅದು ಹೈದರಾಬಾದಿನ ಟಿಐಎಫ್‌ಆರ್ ಬಲೂನ್ ಎಂಬುದು ಬೇಗನೆ ಗೊತ್ತಾಯಿತು. ಗೊತ್ತಾಗುವ ಹಾಗೆ ವ್ಯವಸ್ಥೆಯೂ ಇದೆ. ಹಾರಾಟದ ಋತುವಿಗೆ ಮೊದಲು ಕೇಂದ್ರ ಪ್ರಕಟಣೆ ಹೊರಡಿಸುತ್ತದೆ. ವಿಶಾಖಪಟ್ಟಣ, ಹೈದರಾಬಾದ್, ಸೊಲ್ಲಾಪುರ ಸಾಲಿನಲ್ಲಿ 200ರಿಂದ 350 ಕಿ.ಮೀ. ತನಕ ಉಪಕರಣ ಇಳಿಯಬಹುದು, ಸಿಕ್ಕವರು ಮುಟ್ಟದೆ ಸುದ್ದಿ ಮುಟ್ಟಿಸಿ, ಬಹುಮಾನ ಉಂಟು ಎಂದು ಹೇಳುತ್ತದೆ. ಪೆಟ್ಟಿಗೆಗಳ ಮೇಲೆ ವಿಳಾಸ, ಫೋನ್ ನಂಬರಿನ ಚೀಟಿ ಅಂಟಿಸಿರುತ್ತಾರೆ.

ಈ ಚೀಟಿಯ ಬೆಲೆ ಎಷ್ಟೆಂದು ತಿಳಿಯಲು ಅಮೆರಿಕದ ಒಂದು ದುರಂತ ನೆನೆಯಬೇಕು. 1948ರ ಜನವರಿ 7ರಂದು ಕೆಂಟಕಿಯ ಆಕಾಶದಲ್ಲಿ ದೊಡ್ಡ ಹೊಳೆಯುವ ವಸ್ತು ಕಂಡಿತು. ಕ್ಯಾಪ್ಟನ್ ಥಾಮಸ್ ಮ್ಯಾಂಟೆಲ್ ವಿಮಾನದಲ್ಲಿ ಅದನ್ನು ಹಿಂಬಾಲಿಸಿ ಮೇಲೇರಿದರು, ಆಮ್ಲಜನಕ ಸಾಲದೆ ಪ್ರಜ್ಞೆ ತಪ್ಪಿದರು, ವಿಮಾನ ಬಿದ್ದು ತೀರಿಕೊಂಡರು. ಅದು ನೌಕಾಪಡೆಯ ಸ್ಕೈಹುಕ್ ಎಂಬ ಪಾಲಿಥೀನ್ ಬಲೂನ್ ಇರಬೇಕೆಂದು ಆಮೇಲೆ ತನಿಖೆ ಮಾಡಿದವರು ಹೇಳಿದರು. ಆಗ ಆ ಯೋಜನೆಯೇ ಗುಟ್ಟಾಗಿತ್ತು. ಬೆನ್ನಟ್ಟಿದವರಿಗೆ ತಾವು ಏನನ್ನು ಬೆನ್ನಟ್ಟುತ್ತಿದ್ದೇವೆಂದು ತಿಳಿಯುವ ದಾರಿಯೇ ಇರಲಿಲ್ಲ. ಗುಟ್ಟು ಇರುವಲ್ಲಿ ವದಂತಿ ಬೆಳೆಯುತ್ತದೆ, ಕೆಲವೊಮ್ಮೆ ಪ್ರಾಣವೂ ಹೋಗುತ್ತದೆ.

ಇಂಥ ನೋಟಗಳ ಬೆನ್ನು ಹತ್ತಿದವರಲ್ಲಿ ನನಗೆ ಬಹಳ ಗೌರವವಿರುವುದು ಜೆ. ಆಲನ್ ಹೈನೆಕ್ ಅವರ ಮೇಲೆ. ಖಗೋಳ ವಿಜ್ಞಾನಿ. ಅಮೆರಿಕ ವಾಯುಪಡೆಯ ‘ಬ್ಲೂ ಬುಕ್’ ತನಿಖೆಗೆ ಸಲಹೆಗಾರ. 1969ರಲ್ಲಿ ಮುಚ್ಚುವ ಹೊತ್ತಿಗೆ ಆ ತನಿಖೆಯ ಕಡತದಲ್ಲಿ 12,618 ನೋಟಗಳು ಸೇರಿದ್ದವು. ಗುರುತು ಹತ್ತದೆ ಉಳಿದವು 701. ಹೈನೆಕ್ ಮೊದಮೊದಲು ಎಲ್ಲಕ್ಕೂ ಬೇಗ ಬೇಗ ವಿವರಣೆ ಕೊಡುತ್ತಿದ್ದರು. 1966ರಲ್ಲಿ ಮಿಶಿಗನ್ನಿನ ಜನ ಕಂಡ ಬೆಳಕುಗಳಿಗೆ ಜೌಗು ನೆಲದ ಅನಿಲ ಕಾರಣವಿರಬಹುದು ಎಂದರು. ನಮ್ಮ ಹಳ್ಳಿಗಳಲ್ಲಿ ಕೊಳ್ಳಿದೆವ್ವ ಎನ್ನುವುದನ್ನೂ ಹೀಗೆಯೇ ವಿವರಿಸುವುದುಂಟು. ಮಿಶಿಗನ್ನಿನ ಜನ ಸಿಟ್ಟಾದರು, ದೇಶವೇ ನಕ್ಕಿತು. ಆ ನಗೆಯಿಂದ ಹೈನೆಕ್ ಪಾಠ ಕಲಿತರು. ಅನ್ಯಲೋಕದವರು ಎಂದು ಆತುರಪಡುವುದು ಎಷ್ಟು ತಪ್ಪೋ, ನೋಡಿದವರ ಮಾತನ್ನು ಪೂರ್ತಿ ಕೇಳದೆ ಏನೋ ಒಂದು ವಿವರಣೆ ಹಚ್ಚಿ ಕೈತೊಳೆದುಕೊಳ್ಳುವುದೂ ಅಷ್ಟೇ ತಪ್ಪು. 1973ರಲ್ಲಿ ಅವರು ಈ ನೋಟಗಳನ್ನು ಶಿಸ್ತಾಗಿ ಅಧ್ಯಯನ ಮಾಡಲು ತಮ್ಮದೇ ಕೇಂದ್ರ ಕಟ್ಟಿದರು. ಫ್ರಾನ್ಸಿನ ಬಾಹ್ಯಾಕಾಶ ಸಂಸ್ಥೆ 1977ರಲ್ಲೇ ಇದಕ್ಕೊಂದು ಪ್ರತ್ಯೇಕ ಘಟಕ ತೆರೆದು, ಇಂದಿಗೂ ನಡೆಸುತ್ತಿದೆ. ನಾರ್ವೆಯ ಹೆಸ್‌ಡಾಲನ್ ಕಣಿವೆಯಲ್ಲಿ ಕಾಣುವ ಬೆಳಕುಗಳಿಗೆ ಕ್ಯಾಮೆರಾ, ರೇಡಾರ್ ಇಟ್ಟು ದಶಕಗಳಿಂದ ಕಾಯುತ್ತಿರುವವರಿದ್ದಾರೆ. ಅವರಿಗೆ ಪೂರ್ತಿ ಉತ್ತರ ಇನ್ನೂ ಸಿಕ್ಕಿಲ್ಲ.

ಈ ಕೆಲಸದ ಅಚ್ಚುಕಟ್ಟಾದ ಉದಾಹರಣೆ ನಮ್ಮಲ್ಲೇ ಇದೆ, ಅದೂ ಬೆಂಗಳೂರಿನವರದು. 2012ರ ಆಗಸ್ಟಿನಿಂದ 2013ರ ಫೆಬ್ರುವರಿ ತನಕ ಲಡಾಖಿನ ಪ್ಯಾಂಗಾಂಗ್ ಸರೋವರದ ಕಡೆ ನಮ್ಮ ಸೈನಿಕರು ಆಕಾಶದಲ್ಲಿ ಹೊಳೆಯುವ ವಸ್ತುಗಳನ್ನು 329 ಸಲ ಕಂಡು ದಾಖಲಿಸಿದರು. ಚೀನಾದ ಡ್ರೋನ್ ಇರಬಹುದೇ ಎಂಬ ಆತಂಕ. ಭಾರತೀಯ ಖಭೌತ ಸಂಸ್ಥೆಯನ್ನು ಕೇಳಲಾಯಿತು. ಕೋರಮಂಗಲದ ಸಂಸ್ಥೆ ಅದು. ಲಡಾಖಿನ ಹಾನ್ಲೆಯಲ್ಲಿ 4,500 ಮೀಟರ್ ಎತ್ತರದಲ್ಲಿರುವ ಅದರ ದೂರದರ್ಶಕವನ್ನು ನಮ್ಮ ಹೊಸಕೋಟೆಯಲ್ಲಿ ಕುಳಿತೇ ನಡೆಸುತ್ತಾರೆ. ವಿಜ್ಞಾನಿಗಳು ಸೈನಿಕರನ್ನು ಕೇಳಿದ್ದು ಬಹಳ ಸರಳ ವಿವರ: ಎಷ್ಟು ಹೊತ್ತಿಗೆ ಕಂಡಿತು, ಯಾವ ದಿಕ್ಕಿನಲ್ಲಿ, ದಿಗಂತದಿಂದ ಎಷ್ಟು ಡಿಗ್ರಿ ಮೇಲೆ. ಆ ಅಂಕಿಗಳನ್ನು ಗ್ರಹಗಳ ಸ್ಥಾನದ ಜೊತೆ ಇಟ್ಟು ನೋಡಿದರು. ಸಂಜೆ ಕಂಡದ್ದು ಗುರು, ನಸುಕಿನಲ್ಲಿ ಕಂಡದ್ದು ಶುಕ್ರ. ಆ ಡಿಸೆಂಬರಿನಲ್ಲಿ ಗುರು ಸೂರ್ಯನಿಗೆ ನೇರ ಎದುರಾಗಿ, ಕತ್ತಲಾಗುತ್ತಿದ್ದಂತೆ ಪೂರ್ವದಲ್ಲಿ ಮೇಲೇಳುತ್ತಿತ್ತು. ಅಲ್ಲಿನ ತಿಳಿಗಾಳಿಯಲ್ಲಿ ಗ್ರಹಗಳು ನಮಗೆ ಬಯಲಿನಲ್ಲಿ ಕಾಣುವುದಕ್ಕಿಂತ ಹೆಚ್ಚು ಪ್ರಖರ. ಗಡಿ ಕಾಯುವವರ ಕಣ್ಣು ಅನುಮಾನ ಪಟ್ಟದ್ದು ಸರಿ. ಅನುಮಾನವನ್ನು ಅಂಕಿಯಲ್ಲಿ ಬರೆದಿಟ್ಟದ್ದು ಇನ್ನೂ ಸರಿ, ಏಕೆಂದರೆ ಉತ್ತರ ಹೊರಟದ್ದು ಆ ಅಂಕಿಗಳಿಂದಲೇ.

2023ರ ಸೆಪ್ಟೆಂಬರಿನಲ್ಲಿ ವರದಿ ಕೊಟ್ಟ ನಾಸಾದ ತಜ್ಞರ ತಂಡವೂ ಇದನ್ನೇ ಹೇಳಿತು. ಅನ್ಯಲೋಕದ ಮೂಲಕ್ಕೆ ಪುರಾವೆ ಕಂಡಿಲ್ಲ. ಬಹುಪಾಲು ನೋಟಗಳು ಬಿಡಿಸಲಾಗದೆ ಉಳಿಯುವುದು ವಿವರ ಸಾಲದ್ದರಿಂದ. ಯುದ್ಧವಿಮಾನದ ಕ್ಯಾಮೆರಾದಲ್ಲಿ ಸಮುದ್ರದ ಮೇಲೆ ಶರವೇಗದಲ್ಲಿ ಓಡಿದಂತೆ ಕಂಡ ವಸ್ತುವೊಂದರ ಲೆಕ್ಕ ತೆಗೆದರೆ, ಅದು ನೀರಿನಿಂದ ಸುಮಾರು 4 ಕಿ.ಮೀ. ಮೇಲೆ, ಗಂಟೆಗೆ ಸುಮಾರು 64 ಕಿ.ಮೀ. ವೇಗದಲ್ಲಿ ಸಾಗುತ್ತಿತ್ತು. ಓಡುತ್ತಿದ್ದದ್ದು ವಿಮಾನ. ಬಸ್ಸಿನ ಕಿಟಕಿಯಲ್ಲಿ ಹತ್ತಿರದ ಗಿಡ ಹಿಂದಕ್ಕೆ ಓಡಿದಂತೆ ಕಾಣುವುದಿಲ್ಲವೇ, ಹಾಗೆ.

ಹಾಗಾದರೆ ಅನ್ಯಲೋಕದ ಜೀವದ ಪ್ರಶ್ನೆಯೇ ಬಾಲಿಶವೇ? ಅಲ್ಲ. ಆ ಪ್ರಶ್ನೆಯನ್ನು ಇದೇ ಹೈದರಾಬಾದಿನ ಬಲೂನುಗಳೇ ಹೊತ್ತೊಯ್ದಿವೆ. 2001ರಲ್ಲಿ ಒಮ್ಮೆ, 2005ರ ಏಪ್ರಿಲಿನಲ್ಲಿ ಮತ್ತೊಮ್ಮೆ, ಖಗೋಳ ವಿಜ್ಞಾನಿ ಜಯಂತ ನಾರ್ಳೀಕರ್ ಅವರ ನೇತೃತ್ವದ ಪ್ರಯೋಗಕ್ಕಾಗಿ ಇಲ್ಲಿಂದ ಬಲೂನು ಹಾರಿತು. ಎರಡನೆಯ ಸಲ ದ್ರವ ನಿಯಾನಿನಲ್ಲಿ ತಣ್ಣಗಾಗಿಸಿದ, ಸೂಕ್ಷ್ಮಾಣುಗಳಿಲ್ಲದಂತೆ ಶುದ್ಧ ಮಾಡಿದ ಕೊಳವೆಗಳು 20ರಿಂದ 41 ಕಿ.ಮೀ. ಎತ್ತರದ ಗಾಳಿಯನ್ನು ಹೀರಿಕೊಂಡು ಬಂದವು. ಹೈದರಾಬಾದಿನ ಜೀವಕೋಶ ಸಂಶೋಧನಾ ಕೇಂದ್ರವಾದ ಸಿಸಿಎಂಬಿ ಮತ್ತು ಪುಣೆಯ ಪ್ರಯೋಗಾಲಯಗಳು ಬೇರೆ ಬೇರೆಯಾಗಿ ಪರೀಕ್ಷಿಸಿದವು. ಭೂಮಿಯಲ್ಲಿ ಅದುವರೆಗೆ ದಾಖಲಾಗದ ಮೂರು ಬ್ಯಾಕ್ಟೀರಿಯಾ ಪ್ರಭೇದಗಳು ಸಿಕ್ಕವು, ನೇರಳಾತೀತ ಕಿರಣಗಳನ್ನು ತಮ್ಮ ಹತ್ತಿರದ ಸಂಬಂಧಿ ಪ್ರಭೇದಗಳಿಗಿಂತ ಚೆನ್ನಾಗಿ ತಾಳುವಂಥವು. ಅವಕ್ಕೆ ಖಗೋಳ ವಿಜ್ಞಾನಿ ಫ್ರೆಡ್ ಹಾಯ್ಲ್, ಇಸ್ರೋ, ಆರ್ಯಭಟರ ಹೆಸರಿಟ್ಟರು. ಹೊರಗಿನಿಂದ ಬಂದವೇ ಎಂಬ ಪ್ರಶ್ನೆಗೆ, ಇದರಿಂದ ಸಾಬೀತಾಗುವುದಿಲ್ಲ ಎಂದೇ ಇಸ್ರೋ 2009ರಲ್ಲಿ ಹೇಳಿತು. ಅಷ್ಟು ದೊಡ್ಡ ಆಸೆ ಇಟ್ಟುಕೊಂಡು ಹೊರಟವರು ಕೈಗೆ ಸಿಕ್ಕಷ್ಟನ್ನೇ ಹೇಳಿದರು. ನಾನು ಈ ತನಿಖೆಗಾರರಲ್ಲಿ ಮೆಚ್ಚುವ ಗುಣ ಇದು.

ಬೀದರ್, ಕಲಬುರಗಿ, ಯಾದಗಿರಿ, ರಾಯಚೂರಿನ ಓದುಗರೇ, ಹೈದರಾಬಾದಿನ ಕನ್ನಡಿಗರೇ, ನೀವೂ ಈ ಕೆಲಸದಲ್ಲಿ ಭಾಗಿಗಳಾಗಬಹುದು. ಗುರುತಾಗದ್ದೇನಾದರೂ ಆಕಾಶದಲ್ಲಿ ಕಂಡರೆ ಮೊದಲು ಗಡಿಯಾರ ನೋಡಿ. ಯಾವ ದಿಕ್ಕು ಎಂದು ಒಂದು ಮರವನ್ನೋ ನೀರಿನ ಟ್ಯಾಂಕನ್ನೋ ಗುರುತಿಟ್ಟುಕೊಳ್ಳಿ. ತೋಳು ಪೂರ್ತಿ ಚಾಚಿ ಮುಷ್ಟಿ ಹಿಡಿದರೆ ಅದರ ಅಗಲ ಸುಮಾರು 10 ಡಿಗ್ರಿ. ದಿಗಂತದಿಂದ ಎಷ್ಟು ಮುಷ್ಟಿ ಮೇಲಿದೆ ಎಂದು ಅಳೆಯಿರಿ. ಹತ್ತು ನಿಮಿಷ ಬಿಟ್ಟು ಮತ್ತೆ ಅಳೆದು ಬರೆದಿಡಿ. ಫೋಟೋ ತೆಗೆಯುವಾಗ ಚೌಕಟ್ಟಿನಲ್ಲಿ ಮನೆಯೋ ಕಂಬವೋ ಇರಲಿ, ಬರೀ ಚುಕ್ಕೆ ಇದ್ದರೆ ಯಾವ ಲೆಕ್ಕವೂ ಸಿಗದು. ಬಣ್ಣದ ಪ್ಯಾರಾಚೂಟಿನ ಸಮೇತ ಪೆಟ್ಟಿಗೆ ಹೊಲಕ್ಕೆ ಇಳಿದರೆ ಮಕ್ಕಳನ್ನು ದೂರ ಇರಿಸಿ, ಬಿಚ್ಚಬೇಡಿ. ಕೆಲವು ಉಪಕರಣಗಳಲ್ಲಿ ಹೈ ವೋಲ್ಟೇಜ್ ವಿದ್ಯುತ್ ಇರುತ್ತದೆ. ಮೇಲೆ ಅಂಟಿಸಿದ ಚೀಟಿ ಓದಿ, ಅದರಲ್ಲಿರುವ ನಂಬರಿಗೆ ಫೋನ್ ಮಾಡಿ, ಇಲ್ಲವೇ ಹತ್ತಿರದ ಪೊಲೀಸ್ ಠಾಣೆಗೆ ತಿಳಿಸಿ.