ಪ್ಲಾಸ್ಟಿಕ್ ಗಿಡಕ್ಕೂ ಆರೈಕಿ ಬೇಕ್ರಿ

ಹಾಲ್‌ನ್ಯಾಗಿನ ಪ್ಲಾಸ್ಟಿಕ್ ಗಿಡಾ ಒಮ್ಮೆ ಮುಟ್ಟಿ ನೋಡ್ರಿ.
ಬೆರಳಿಗೆ ಏನ್ ಹತ್ತಿತು?
ಧೂಳು, ಹೌದಲ್ರಿ?

ಹುಬ್ಬಳ್ಳಿ ವಿದ್ಯಾನಗರದಾಗ,
ಪಿ.ಬಿ. ರೋಡ್ ಬಾಜೂಕ ಮನಿ ಇದ್ರಂತೂ
ಕಿಟಕಿ ತೆಗದ್ರ ಸಾಕು, ಧೂಳು ಒಳಗ.

ಆದ್ರ ಈ ಎಲಿಗೇ ಯಾಕ ಇಷ್ಟ ಅಂಟತೈತಿ?

ತಲಿ ಬಾಚಿದ ಬಾಚಣಿಕಿ
ಕಾಗದದ ಚೂರು ಎಳಕೊಳ್ಳೂದಿಲ್ಲೇನ್ರಿ? ಹಂಗ.
ಪ್ಲಾಸ್ಟಿಕ್ ಎಲಿ ಮ್ಯಾಲೂ ಸ್ಥಿರ ವಿದ್ಯುತ್ ಕೂಡತೈತಿ.
ಅದ ಧೂಳು ಎಳಿತೈತಿ.

ಹಂಗಾರ ಏನ್ ಮಾಡೂದು?

ವಾರಕ್ಕೊಮ್ಮೆ ಮೆತ್ತನ್ನ ಬ್ರಷ್ ತಗೋರಿ.
ಮ್ಯಾಲಿಂದ ಕೆಳಗ ಝಾಡಿಸ್ರಿ.

ಜಿಡ್ಡು ಹಿಡದೈತೇನು?
ಉಗುರುಬೆಚ್ಚನ್ನ ನೀರು,
ಎರಡ ಹನಿ ಭಾಂಡೆ ತೊಳಿಯೂ ಲಿಕ್ವಿಡ್.
ಕುದಿಯೂ ನೀರು ಬ್ಯಾಡ, ಎಲಿ ಸೊಟ್ಟ ಆಗ್ತಾವ.

ಬಟ್ಟಿ ಹೂವಾದ್ರ?
ನೀರಾಗ ಮುಳುಗಿಸಬ್ಯಾಡ್ರಿ.
ಒದ್ದಿ ಅರಿವಿ ತಗೊಂಡು
ಮೊದಲ ಒಂದ ಎಲಿ ಹಿಂದ ಒರಸ್ರಿ.
ಬಣ್ಣ ಬಿಡಲಿಲ್ಲಂದ್ರ, ಉಳಿದದ್ದೂ ಒರಸ್ರಿ.

ಒಣಗಿಸೂದು ನೆರಳಾಗ.
ಬಿಸಿಲಿಗೆ ಬಣ್ಣ ಹೋಗ್ತೈತಿ.

ಹೊಳಪು ಬರಲಿ ಅಂತ ಕೊಬ್ಬರಿ ಎಣ್ಣಿ ಹಚ್ಚಬ್ಯಾಡ್ರಿ.
ಧೂಳು ಇನ್ನೂ ಗಟ್ಟಿ ಕೂಡತೈತಿ.

ಗಣಪತಿ ಮುಂದ ಅಲಂಕಾರಕ್ಕ ಇಡ್ತೀರಿ?
ದೀಪದಿಂದ ದೂರ ಇಡ್ರಿ.
ಪ್ಲಾಸ್ಟಿಕ್, ಬಟ್ಟಿ, ಎರಡೂ ಲಗೂನ ಹೊತ್ಕೊಳ್ತಾವ.

ಇನ್ನೊಂದ ಮಾತು.
ಪ್ಲಾಸ್ಟಿಕ್ ಮಣ್ಣಾಗ ಕೊಳಿಯೂದಿಲ್ಲ.
ಹೊಲಸಾತು ಅಂತ ಕಸದ ಗಾಡಿಗೆ ಹಾಕಬ್ಯಾಡ್ರಿ.
ತೊಳದು, ಒರಸಿ, ವರ್ಷಾನುಗಟ್ಟಲೆ ಬಾಳಿಸ್ರಿ.
ಹೊಸಾದು ತರೂ ಮುಂಚೆ,
ಈ ಭಾನುವಾರ ಇರೂದನ್ನ ತೊಳೀರಿ!