ನಿಮಗಿದು ಗೊತ್ತೆ? ದೇವಣಿ ದನದ ಸೀಮೆ
ನಿಲಂಗಾ, ಉದಗೀರ, ಅಹ್ಮದ್‌ಪುರ ಒಂದು ಕಾಲಕ್ಕೆ ಬೀದರ್ ಜಿಲ್ಲೆಯ ತಾಲೂಕುಗಳು. 1956ರ ನವೆಂಬರ್ 1ರಂದು ಹೈದರಾಬಾದ್ ರಾಜ್ಯ ಹಂಚಿಹೋದಾಗ ಬೀದರ್ ಮೈಸೂರಿಗೆ ಬಂತು, ಈ ಮೂರೂ ಮುಂಬೈ ರಾಜ್ಯದ ಪಾಲಾದವು. ಮಗ್ಗುಲಿನ ಉಮರ್ಗಾ ಈಗಿನ ಧಾರಾಶಿವ ಜಿಲ್ಲೆಯದು. ಪುಣೆ-ಹೈದರಾಬಾದ್ ಹೆದ್ದಾರಿ ಊರನ್ನು ಹಾದೇ ಹೋಗುತ್ತದೆ.

ಮರಾಠರ ಪಾಣಿಪತ್ ಸೋಲಿಗೆ ಒಂದು ವರ್ಷ ಮೊದಲು, 1760ರಲ್ಲಿ, ಅವರ ಸೇನಾನಿ ಸದಾಶಿವರಾವ್ ಭಾವೂ ನಿಜಾಮನ ಸೇನೆಯನ್ನು ಮಣಿಸಿದ್ದು ಇದೇ ಉದಗೀರದಲ್ಲಿ.

ಎರೆಮಣ್ಣಿನ ನೆಲ, ಜೋಳ, ತೊಗರಿ, ಈಗೀಗ ಎಲ್ಲೆಲ್ಲೂ ಸೋಯಾ. ಆದರೆ ಈ ಸೀಮೆಯ ಹೆಸರನ್ನು ಹೊರಗೆ ಹೊತ್ತು ತಿರುಗಿದ್ದು ದನ! ಲಾತೂರ್ ಜಿಲ್ಲೆಯ ದೇವಣಿ ಊರಿನ ಹೆಸರೇ ತಳಿಗೂ ಬಂದಿದೆ. ಅಚ್ಚ ಬಿಳಿಯದು ಬಾಳಂಕ್ಯಾ, ಬಿಳಿ ಮೈಗೆ ಕಪ್ಪು ಮಚ್ಚೆಯಿದ್ದರೆ ಶೇವರಾ, ಮೈ ಬಿಳಿ ಇದ್ದು ಮುಖದ ಪಕ್ಕ ಕಪ್ಪಿದ್ದರೆ ವಾನ್ನೇರಾ. ಹೋರಿ ನೇಗಿಲಿಗೆ, ಆಕಳು ಹಾಲಿಗೆ. ಬೀದರ್ ಕಡೆಯ ರೈತರಿಗೂ ಇದು ಮನೆಯ ತಳಿಯೇ; ತಾಲೂಕು ಹಂಚಿದವರಿಗೆ ದನ ಹಂಚಲಾಗಲಿಲ್ಲ.

1993ರ ಸೆಪ್ಟೆಂಬರ್ 30ರ ನಸುಕು, ನಾಲ್ಕು ಗಂಟೆಗೆ ಸ್ವಲ್ಪ ಮೊದಲು, ಇದೇ ಸೀಮೆಯಲ್ಲಿ ಕಿಲ್ಲಾರಿ ಭೂಕಂಪ. ಔಸಾ, ಉಮರ್ಗಾ ತಾಲೂಕುಗಳಿಗೇ ಹೆಚ್ಚು ಪೆಟ್ಟು. ಕರಿಕಲ್ಲನ್ನು ಬರೀ ಕೆಸರಿನಲ್ಲಿ ಕೂರಿಸಿದ ದಪ್ಪ ಗೋಡೆ, ಮೇಲೆ ಮಣ್ಣಿನ ಭಾರದ ಮಾಳಿಗೆ. ಬೇಸಿಗೆಯಲ್ಲಿ ತಂಪು ಕೊಡುತ್ತಿದ್ದ ಆ ಮನೆಗಳೇ ಮಲಗಿದ್ದವರ ಮೇಲೆ ಕುಸಿದವು. ಸತ್ತವರು ಸುಮಾರು 10,000.